ನೀಲಿ ನಕ್ಷತ್ರಗಳ ಜನಗಣತಿ

ನಮ್ಮ ಆಕಾಶಗಂಗೆಯಲ್ಲೇ ಎಣಿಸಲಾರದಷ್ಟು ನಕ್ಷತ್ರಗಳಿರುವಾಗ, ಎಳೆವಯಸ್ಸಿನ ಭಾರೀ ನಕ್ಷತ್ರಗಳನ್ನು ಅರಸಿ ನೆರೆಯ ಗೆಲಾಕ್ಸಿಗಳಿಗೆ ಹೋಗುವುದೇಕೆ? ಊರೊಳಗೆ ನಿಂತವನಿಗೆ ಊರಿನ ಆಕಾರ ತಿಳಿಯದು. ಎದುರಿನ ಗುಡ್ಡದ ಮೇಲಿನ ಊರು ಪೂರ್ತಿ ಕಾಣುತ್ತದೆ. ಇಲ್ಲಿ ಧೂಳು ಬೆಳಕನ್ನು ನುಂಗುತ್ತದೆ, ದೂರದ ಅಳತೆಯೂ ಗೊಂದಲ. ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಆಂಡ್ರೊಮಿಡಾದಲ್ಲಾದರೋ ಎಲ್ಲ ನಕ್ಷತ್ರಗಳೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಅವುಗಳ ಪ್ರಖರತೆಯನ್ನು ನೇರವಾಗಿ ಹೋಲಿಸಬಹುದು.

ಆದರೆ ಪತ್ರಿಕೆಗಳಿಗೆ ಬೇಕಾದದ್ದು ‘ಅತಿ ದೊಡ್ಡ ನಕ್ಷತ್ರ’. ದೊಡ್ಡ ಮೆಜೆಲ್ಲಾನಿಕ್ ಮೋಡದ ಆರ್136 ಎಂಬ ಕಾಯವನ್ನು 1980ರ ದಶಕದ ಆರಂಭದಲ್ಲಿ ಕೆಲವರು ಸಾವಿರಾರು ಸೂರ್ಯರ ತೂಕದ ಒಂಟಿ ನಕ್ಷತ್ರವೆಂದು ಭಾವಿಸಿದ್ದರು. 1985ರಲ್ಲಿ ಅದು ಹಲವು ನಕ್ಷತ್ರಗಳ ಗುಂಪೆಂದು ತಿಳಿಯಿತು. ಆ ಗುಂಪಿನ ಹಿರಿಯ ಸದಸ್ಯನಿಗೆ 2010ರಲ್ಲಿ 265 ಸೂರ್ಯರ ತೂಕ ಹೇಳಿದರು; 2022ರ ಹೊತ್ತಿಗೆ ಅದು 200ರ ಆಸುಪಾಸಿಗೆ ಇಳಿಯಿತು. ನೋಟ ಹರಿತವಾದಷ್ಟೂ ದೈತ್ಯರು ಕರಗುತ್ತಾರೆ!

ದಾಖಲೆಗಿಂತ ಗಣತಿ ಮುಖ್ಯವೆಂದೇ ನನ್ನ ವಾದ. 1987ರಲ್ಲಿ ಅದೇ ಮೋಡದಲ್ಲಿ ನಕ್ಷತ್ರವೊಂದು ಸಿಡಿಯಿತು. ಸಿಡಿದದ್ದು ಯಾವುದೆಂದು ಗುರುತಿಸಲು ಸಾಧ್ಯವಾದದ್ದು, ಸಾಂಡುಲೀಕ್ ಎಂಬ ಖಗೋಳಜ್ಞರು ಬಹಳ ಮೊದಲೇ ಅದನ್ನು ತಮ್ಮ ಪಟ್ಟಿಯಲ್ಲಿ ಬರೆದಿಟ್ಟಿದ್ದರಿಂದ. ಕೆಂಪು ದೈತ್ಯ ಸಿಡಿಯುತ್ತದೆಂದು ನಂಬಿದ್ದವರಿಗೆ ಸಿಕ್ಕಿದ್ದು ನೀಲಿ ದೈತ್ಯ. ಸಿದ್ಧಾಂತವನ್ನೇ ತಿದ್ದಬೇಕಾಯಿತು. ಇಂಥ ಪಟ್ಟಿ ಮಾಡುವ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ, ಬಿಡಿ.

ಈ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷ ಬಾಳುತ್ತವೆ. ಮೇಲ್ಮೈ ಉಷ್ಣತೆ ಮೂವತ್ತು ಸಾವಿರ ಡಿಗ್ರಿಯನ್ನೂ ದಾಟುವುದುಂಟು. ಬರಿಗಣ್ಣಿನ ಬೆಳಕಿನಲ್ಲಿ ಅತಿ ಬಿಸಿಯವೆಲ್ಲ ಒಂದೇ ನೀಲಿ. ಅವುಗಳ ನಡುವಿನ ಭೇದ ತೋರುವುದು ನೇರಳಾತೀತದಲ್ಲಿ. ಅದನ್ನೋ ನಮ್ಮ ವಾಯುಮಂಡಲ ತಡೆಯುತ್ತದೆ. ಆದ್ದರಿಂದಲೇ 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಟ್ ದೂರದರ್ಶಕ ನನಗೆ ದೊಡ್ಡ ಸಂಗತಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾದ ಅದರ ಕನ್ನಡಿಗಳ ಅಗಲ ನಲವತ್ತು ಸೆಂಟಿಮೀಟರೂ ಇಲ್ಲ. ಆದರೂ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಆಕಾಶವನ್ನು ಒಂದೇ ನೋಟಕ್ಕೆ ತುಂಬಿಕೊಳ್ಳುತ್ತದೆ. ಹಬಲ್‌ನ ನೋಟ ಇನ್ನೂ ಹರಿತ, ಆದರೆ ಬಲು ಕಿರಿದು. ಅಮೆರಿಕದ ಗೇಲೆಕ್ಸ್‌ನದು ಅಗಲ, ಆದರೆ ಮಸುಕು. ಗಣತಿಗೆ ಬೇಕಾದ ಹದ ಯುವಿಟ್‌ನಲ್ಲಿತ್ತು.

ಗೇಲೆಕ್ಸ್ 2013ರಲ್ಲೇ ನಿಂತಿತು. 2018ರಲ್ಲಿ ಯುವಿಟ್‌ನ ಸಮೀಪ-ನೇರಳಾತೀತ ಕಣ್ಣೂ ಮುಚ್ಚಿತು. ಅದೇ ಸಂಸ್ಥೆಯವರು ಇನ್‌ಸಿಸ್ಟ್ ಎಂಬ ಒಂದು ಮೀಟರ್ ಕನ್ನಡಿಯ ಉತ್ತರಾಧಿಕಾರಿಯನ್ನು ಪ್ರಸ್ತಾಪಿಸಿದ್ದಾರೆ. ಚಂದ್ರಯಾನಕ್ಕೆ ತಟ್ಟಿದ ಚಪ್ಪಾಳೆಯಲ್ಲಿ ಸ್ವಲ್ಪ ಪಾಲು ಆ ಕಡತಕ್ಕೂ ದೊರೆಯಲಿ. ಕಡತಗಳ ನಡಿಗೆಯನ್ನು ಹತ್ತಿರದಿಂದ ಬಲ್ಲವನಾದ್ದರಿಂದಲೇ ಇಷ್ಟು ಹೇಳುತ್ತಿದ್ದೇನೆ.