ಸೀಟು ಸಿಗುವುದು ಕಷ್ಟ ಎಂದರೆ ಕಲಿಕೆ ಚೆನ್ನಾಗಿದೆ ಎಂದರ್ಥವೇ?

ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದು ಕಷ್ಟ ಎಂಬ ಮಾತು ಅಲ್ಲಿಗೆ ಯಾರು ಸೇರುತ್ತಾರೆ ಎಂಬುದನ್ನು ಹೇಳುತ್ತದೆ. ಸೇರಿದವರು ಏನು ಕಲಿಯುತ್ತಾರೆ ಎಂಬುದನ್ನು ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸುವುದು ಶಿಕ್ಷಕರಾಗಲಿರುವ ನಮ್ಮ ಕೆಲಸ ಎಂದು ನಾನು ನಂಬಿದ್ದೇನೆ.

ದೇವರಗುಡ್ಡದಲ್ಲಿ ಬೋಧನಾಭ್ಯಾಸ ಮಾಡುವಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಅಲ್ಲಿ ಸೀಟು ಸಿಗೂದು ಭಾಳ ಕಷ್ಟ ಅಂತರಿ ಸರ್. ಹಂಗಾದ್ರ ಛಲೋನ ಇರಬೇಕಲ್ರಿ?" ಎಂದು ಕೇಳಿದಳು. ಗೋವಿನಜೋಳದ ಬೆಳೆ ನಂಬಿ ಸಾಲ ಮಾಡುವ ಮನೆಗೆ ಇದು ಲಕ್ಷಾಂತರ ರೂಪಾಯಿಯ ಪ್ರಶ್ನೆ.

ಉತ್ತರ ನಮ್ಮ ತರಬೇತಿಯಲ್ಲೇ ಇದೆ. ಪೂರ್ವ ಪರೀಕ್ಷೆಯಲ್ಲೇ 90 ಅಂಕ ಪಡೆದ ತರಗತಿ ಘಟಕ ಮುಗಿದ ಮೇಲೆ 92 ಪಡೆದರೆ ನಮ್ಮ ಬೋಧನೆ ಯಶಸ್ವಿಯಾಯಿತು ಎಂದು ಯಾವ ಮಾರ್ಗದರ್ಶಕರೂ ಬರೆಯುವುದಿಲ್ಲ. 30ರಿಂದ 60ಕ್ಕೆ ಏರಿದ ತರಗತಿಯನ್ನು ನೋಡಿ ಬರೆಯುತ್ತಾರೆ. ಆದರೆ ವಿಶ್ವವಿದ್ಯಾಲಯಗಳನ್ನು ಅಳೆಯುವಾಗ ಮಾತ್ರ ನಾವು ಪೂರ್ವ ಪರೀಕ್ಷೆಯ ಅಂಕವನ್ನೇ ಫಲಿತಾಂಶವೆಂದು ಓದುತ್ತೇವೆ.

ಬೆಂಗಳೂರಿನ ಪಿಇಎಸ್ ಸಂಸ್ಥೆ 1972ರಲ್ಲಿ ಆರಂಭವಾಗಿ 2013ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಎಂಜಿನಿಯರಿಂಗ್‌ಗೆ ಸಿಇಟಿ ಮೂಲಕವೂ ಸೇರಬಹುದು, ಅವರದೇ ಪ್ರವೇಶ ಪರೀಕ್ಷೆಯ ಮೂಲಕವೂ ಸೇರಬಹುದು. ಎರಡು ಬಾಗಿಲಿಗೆ ಶುಲ್ಕ ಬೇರೆ, ಪೈಪೋಟಿಯೂ ಬೇರೆ. ಹಾಗಿರುವಾಗ ಕೊನೆಯ ಸೀಟಿನ ರ‍್ಯಾಂಕ್ ಹೇಳುವುದು ಆ ಬಾಗಿಲಿನ ಕಥೆಯನ್ನೇ ಹೊರತು ಒಳಗಿನ ಪಾಠದ ಕಥೆಯನ್ನಲ್ಲ. 2010ರ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಪರೀಕ್ಷೆ, ಸಂದರ್ಶನ ನಡೆಸಿಯೇ ಆರಿಸುತ್ತದೆ. ಆದರೆ ಕುಟುಂಬದ ಆದಾಯ ನೋಡಿ ಶುಲ್ಕ ಮತ್ತು ವಸತಿಗೆ ನೆರವು ನೀಡುತ್ತದೆ. ಎರಡೂ ಕಡೆ ಸೀಟು ಕಷ್ಟ ಎಂಬ ಒಂದೇ ಮಾತು ಹೇಳಿಬಿಟ್ಟರೆ ನಮ್ಮ ಮಕ್ಕಳಿಗೆ ಬೇಕಾದ ಈ ವಿವರವೆಲ್ಲ ಮರೆಯಾಗುತ್ತದೆ.

ಕಟ್ಟುನಿಟ್ಟಿನ ಆಯ್ಕೆಗೆ ಬೆಲೆಯೇ ಇಲ್ಲ ಎನ್ನಲಾರೆ. ಚುರುಕಾದ ಸಹಪಾಠಿಗಳ ಸಹವಾಸದಿಂದ ಕಲಿಕೆ ಬೆಳೆಯುತ್ತದೆ, ಕೆಲಸ ಕೊಡುವವರು ಹೆಸರನ್ನೂ ನೋಡುತ್ತಾರೆ. ಆದರೆ ಒಬ್ಬನೇ ವಿದ್ಯಾರ್ಥಿ ಐದು ಕಡೆ ಅರ್ಜಿ ಹಾಕಿದರೆ ಐದೂ ಕಡೆ ಪೈಪೋಟಿಯ ಲೆಕ್ಕ ಏರುತ್ತದೆ. ಜಾಹೀರಾತು ಹೆಚ್ಚಾದರೂ ಏರುತ್ತದೆ. ಅದರಿಂದ ಯಾವ ಪ್ರಯೋಗಾಲಯಕ್ಕೂ ಒಂದು ಉಪಕರಣ ಹೆಚ್ಚಾಗಿ ಬರುವುದಿಲ್ಲ.

ರ‍್ಯಾಂಕಿಂಗನ್ನೂ ಹೀಗೆಯೇ ಬಿಡಿಸಿ ಓದಬೇಕು. ಮಾಲತೇಶ ಸ್ವಾಮಿಯ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವುದು ಒಂದೇ ಸಾಲು. ಮಳೆ, ಬೆಳೆ, ರಾಜಕೀಯ ಎಂದು ಅರ್ಥ ಹಚ್ಚುವವರು ಕೇಳಿದವರು. ರ‍್ಯಾಂಕಿನ ಒಂದು ಅಂಕಿಗೂ ನಾವು ಹಾಗೆಯೇ ಅರ್ಥ ಹಚ್ಚುತ್ತೇವೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎನ್‌ಐಆರ್‌ಎಫ್‌ನಲ್ಲಿ ಬೋಧನೆ, ಸಂಶೋಧನೆಗಳ ಜೊತೆಗೆ ಶಿಕ್ಷಣ ತಜ್ಞರ ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೂ ಅಂಕಗಳಿವೆ. ಅಂದರೆ ಹೆಸರು ರ‍್ಯಾಂಕನ್ನು ಏರಿಸುತ್ತದೆ, ರ‍್ಯಾಂಕು ಹೆಸರನ್ನು ಏರಿಸುತ್ತದೆ. ಆದರೆ ಅದಕ್ಕಾಗಿ ಸಂಸ್ಥೆಗಳು ಸಲ್ಲಿಸುವ ಮಾಹಿತಿ ಅವುಗಳ ಜಾಲತಾಣದಲ್ಲೇ ಸಿಗುತ್ತದೆ. ನಿಗದಿತ ಅವಧಿಯಲ್ಲಿ ಎಷ್ಟು ಜನ ಪದವಿ ಮುಗಿಸಿದರು, ಕೆಲಸ ಸಿಕ್ಕವರ ಮಧ್ಯಾಂಕ ಸಂಬಳ ಎಷ್ಟು, ಆರ್ಥಿಕವಾಗಿ ಹಿಂದುಳಿದವರು ಎಷ್ಟು ಎಂಬುದೆಲ್ಲ ಅದರಲ್ಲಿದೆ. ಫ್ಲೆಕ್ಸ್‌ನಲ್ಲಿ ಮೆರೆಯುವ ಅತಿ ಹೆಚ್ಚಿನ ಸಂಬಳ ಒಬ್ಬನದು. ಮಧ್ಯಾಂಕ ಇಡೀ ತರಗತಿಯ ಸುದ್ದಿ. ಮಧ್ಯಾಂಕ ನಮ್ಮ ಹತ್ತನೆಯ ತರಗತಿಯ ಗಣಿತದಲ್ಲೇ ಇದೆಯಲ್ಲ!

ಆದ್ದರಿಂದ ಬೋಧನಾಭ್ಯಾಸದಲ್ಲಿ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ. ಎರಡು ವಿಶ್ವವಿದ್ಯಾಲಯಗಳ ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯೋಣ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಏನು ನೆರವಿದೆ, ಹಾಸ್ಟೆಲ್ ಸೇರಿ ಒಟ್ಟು ಖರ್ಚೆಷ್ಟು, ಸೇರಿದವರಲ್ಲಿ ಮುಗಿಸಿದವರೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಹುಡುಕಲಿ. ಸಿಗದ ಉತ್ತರವನ್ನು ಪ್ರವೇಶ ವಿಭಾಗಕ್ಕೇ ಫೋನ್ ಮಾಡಿ ಕೇಳುವ ಧೈರ್ಯವೂ ಒಂದು ಕಲಿಕಾ ಫಲವೇ.