ಹಳೇ ಗಾಡಿ ಅಂದ್ರ ಇಷ್ಟು ಆಡ್ತದ?

ಪುಣೆಯಲ್ಲಿರುವ ನಮ್ಮ ಕಾಕಾನ ಟಾಟಾ 407 ಗಾಡಿಗೆ ಇಪ್ಪತ್ತು ವರ್ಷ ದಾಟಿದೆ. ಈಗಲೂ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ಹೊರುತ್ತದೆ. ಹೋದ ತಿಂಗಳು ನಾನು ಓಡಿಸಿದಾಗ ಸ್ಟೇರಿಂಗನ್ನು ನಾಲ್ಕು ಬೆರಳಗಲ ತಿರುಗಿಸಿದರೂ ಚಕ್ರ ಕದಲಲಿಲ್ಲ.

"ಹಳೇ ಗಾಡಿ ಅಂದ್ರ ಇಷ್ಟು ಆಡೋದ ತಮ್ಮಾ. ಕೈಗೆ ರೂಢಿ ಆಗ್ತದ" ಅಂದ ಕಾಕಾ.

ನನ್ನ ಜಗಳ ಈ ರೂಢಿಯ ಜೊತೆ. ಬಣ್ಣ ಹೋಗಲಿ, ಬಾಗಿಲು ಗಡಗಡ ಅನ್ನಲಿ, ವಯಸ್ಸಾಯಿತೆಂದು ಬಿಡೋಣ. ಆದರೆ ಸ್ಟೇರಿಂಗ್ ಸಡಿಲಾಗಿದೆ ಎಂದರೆ ಯಾವುದೋ ಒಂದು ಭಾಗ ಸವೆದಿದೆ, ಆ ಭಾಗ ಅಂಗಡಿಯಲ್ಲಿ ಸಿಗುತ್ತದೆ. "ಫಿಟ್‌ನೆಸ್ ಆಗೇದಲ್ಲ" ಎಂಬ ಮಾತೂ ಬಂತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಫಿಟ್‌ನೆಸ್ ವರ್ಷಕ್ಕೊಮ್ಮೆ. ಕೀಲು ಸವೆಯುವುದು ದಿನಾ.

ಕಾಕಾನ ಮಗ ಸ್ಟೇರಿಂಗನ್ನು ಅತ್ತಿತ್ತ ಅಲ್ಲಾಡಿಸಿದ. ನಾನು ಟೈ ರಾಡ್ ಎಂಡಿನ ಮೇಲೆ ಕೈಯಿಟ್ಟೆ. ರಬ್ಬರ್ ಬೂಟು ಹರಿದು, ಗ್ರೀಸಿನ ಜಾಗದಲ್ಲಿ ಕೆಸರು ತುಂಬಿ, ಒಳಗಿನ ಗುಂಡು ಟಕ್ ಟಕ್ ಎನ್ನುತ್ತಿತ್ತು. ಅದು ಕಳಚಿ ಬಿದ್ದರೆ ಒಂದು ಚಕ್ರ ನಿಮ್ಮ ಮಾತು ಕೇಳುತ್ತದೆ, ಇನ್ನೊಂದು ತನಗೆ ತೋಚಿದ ಕಡೆ ಹೊರಡುತ್ತದೆ. ಕಾತ್ರಜ್ ಘಾಟಿನಲ್ಲಿ ಅದನ್ನು ಊಹಿಸಿಕೊಳ್ಳಿ. ರಸ್ತೆಬದಿಯ ಮೆಕ್ಯಾನಿಕ್ ಒಬ್ಬ ಈ ಹಿಂದೆ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿದು ಕಳಿಸಿದ್ದನಂತೆ! ಹಾಗೆ ಮಾಡಿದರೆ ಬಾಕ್ಸು ಬಿಗಿಯಾಗಿ ಹಿಡಿಯುತ್ತದೆ, ರೋಗ ಇದ್ದಲ್ಲೇ ಇರುತ್ತದೆ.

"ಓದಿದಾಂವ ಗಾಡಿ ಬುಡಕ ಮಲಗತಿಯೇನು?" ಎಂದು ಕಾಕು ನಕ್ಕಳು. ಮಲಗಿದೆ. ಆದರೆ ಬರೀ ಜಾಕಿನ ಮೇಲೆ ಎತ್ತಿ ಕೆಳಗೆ ನುಗ್ಗುವ ವಿಡಿಯೋ ಶೂರರ ಹಾಗಲ್ಲ. ಖಾಲಿ ಗಾಡಿ, ಸಮತಟ್ಟಾದ ಕಾಂಕ್ರೀಟು, ಹಿಂದಿನ ಚಕ್ರಕ್ಕೆ ಅಡ್ಡ ಕಟ್ಟಿಗೆ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡು. ಇವು ಇಲ್ಲದವರು ದಯವಿಟ್ಟು ಗ್ಯಾರೇಜಿಗೇ ಹೋಗಿ.

ಸ್ಪ್ಲಿಟ್ ಪಿನ್ ತೆಗೆದು ನಟ್ಟು ಸಡಿಲಿಸಿ, ಸ್ಟಡ್ಡಿನ ತಲೆಗೆ ಹೊಡೆಯದೆ, ಅದು ಕೂತಿರುವ ಆರ್ಮಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆಯಬೇಕು. ಅರ್ಧ ಗಂಟೆ ಜಗ್ಗಲಿಲ್ಲ, ಆಮೇಲೆ ಒಮ್ಮೆಲೇ ಬಿಟ್ಟಿತು. ಕ್ಲಾಂಪು ಸಡಿಲಿಸಿ ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದೆ. ಟೈ ರಾಡಿನ ಒಂದು ತುದಿಯದು ಉಲ್ಟಾ ಥ್ರೆಡ್, ಅದು ಮರೆತರೆ ಬಿಚ್ಚುತ್ತಿದ್ದೇನೆಂದು ಬಿಗಿಯುತ್ತಾ ಕೂರುತ್ತೀರಿ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಬಿಗಿಯಬೇಕು, ಹಿಂದಕ್ಕೆ ತಿರುಗಿಸಲೇಬಾರದು. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಲು ಹೊರಟಿದ್ದ ತಮ್ಮನಿಗೆ ಬೈದೆ. ಅಷ್ಟು ಜಿಪುಣತನ ಇಲ್ಲಿ ಬೇಡ.

ಸುತ್ತು ಎಣಿಸಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದು ಅಂಗಳದ ಕೆಲಸವಲ್ಲ. ಮೆಲ್ಲಗೆ ಓಡಿಸಿಕೊಂಡು ಹೋಗಿ ಮಾಡಿಸಿ ತಂದೆವು.

ಮರುದಿನ ಕಾಕಾ ಫೋನ್ ಮಾಡಿದ: "ಗಾಡಿ ಭಾಳ ಬಿರುಸ ತಿರಗತದಲ್ಲೋ, ಕೈಗೆ ಹೊಂದವಲ್ದು." ಡ್ರ್ಯಾಗ್ ಲಿಂಕಿನ ಕೀಲೂ ಸ್ವಲ್ಪ ಆಡುತ್ತಿದೆ ಅಂದೆ. ಅದು ಬರುವ ಭಾನುವಾರಕ್ಕೆ.