ಬಿಚ್ಚಿ ಬ್ಯಾಗಿಗೆ ಹಾಕೋ ಕಾರ್ಬೈನ್ ನಮಗೆ ಸಿಗುತ್ತಾ? ಕೋವಿ ಆರಿಸೋ ಮೊದಲು ರೈತರು, ವರ್ತಕರು ತಿಳಿಯಬೇಕಾದ್ದು

ಅಮೆರಿಕದ ಒಂದು ಬಗೆಯ ಬಂದೂಕಿನ ವಿಡಿಯೊಗಳು ಈಗ ನಮ್ಮ ಹುಡುಗರ ಮೊಬೈಲ್‌ನಲ್ಲೂ ಓಡಾಡ್ತಿವೆ. ಪಿಸ್ತೂಲಿಗೆ ಹಾಕುವ ಗುಂಡನ್ನೇ ಹಾರಿಸುವ, ಆದರೆ ಹೆಗಲಿಗೆ ಕೊಟ್ಟು ಹೊಡೆಯುವ ಕಾರ್ಬೈನ್ ಅದು. ಕೀಲು ಒತ್ತಿ ತಿರುಗಿಸಿದರೆ ಎರಡು ತುಂಡಾಗಿ ಬೆನ್ನಿಗೆ ಹಾಕೋ ಬ್ಯಾಗಿನೊಳಗೆ ಕೂತುಬಿಡುತ್ತೆ. ‘ತೋಟಕ್ಕೆ ಇಂಥದ್ದೊಂದು ತಗೊಳ್ಳೋಕಾಗುತ್ತಾ?’ ಅನ್ನೋದು ಕಾಡುಹಂದಿ ಕಾಟದಿಂದ ಬೇಸತ್ತವರ ಪ್ರಶ್ನೆ. ರಾತ್ರಿ ಅಂಗಡಿ ಬಾಗಿಲು ಹಾಕಿ ದುಡ್ಡು ಹಿಡ್ಕೊಂಡು ಮನೆಗೆ ಹೋಗೋ ವರ್ತಕರದ್ದೂ ಅದೇ ಪ್ರಶ್ನೆ.

ನೇರ ಉತ್ತರ: ಆಗಲ್ಲ. ಆದರೆ ಯಾಕೆ ಆಗಲ್ಲ ಅಂತ ನೋಡ್ತಾ ಹೋದರೆ, ನಾವು ಕೇಳಬೇಕಾದ ಪ್ರಶ್ನೆಯೇ ಬೇರೆ ಅಂತ ಗೊತ್ತಾಗುತ್ತೆ.

ಅಲ್ಲಿ ಆಯ್ಕೆ ಹೇಗೆ?

ಈ ಪೈಕಿ ಹೆಚ್ಚು ಹೆಸರು ಮಾಡಿರೋದು ರೂಗರ್ ಕಂಪನಿಯ ಪಿಸಿ ಕಾರ್ಬೈನ್. 2017ರ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. 9 ಎಂಎಂ ಗುಂಡು, ಸುಮಾರು 3 ಕೆ.ಜಿ. ತೂಕ, 16 ಇಂಚಿಗಿಂತ ಚೂರು ಜಾಸ್ತಿ ಉದ್ದದ ನಳಿಗೆ. ಆ 16 ಇಂಚಿಗೂ ಕಾರಣ ಇದೆ. 1934ರ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ರೈಫಲ್ ನಳಿಗೆ ಅದಕ್ಕಿಂತ ಗಿಡ್ಡ ಆದರೆ ಪ್ರತ್ಯೇಕ ನೋಂದಣಿ ಆಗಬೇಕು. ಕೆಲ್-ಟೆಕ್ ಕಂಪನಿಯ ಸಬ್-2000 ಇನ್ನೊಂದು ಥರ. ಅದು ಬಿಚ್ಚಿಕೊಳ್ಳಲ್ಲ, ನಡುವೆ ಮಡಚಿಕೊಳ್ಳುತ್ತೆ.

ಕೊಳ್ಳುವವರು ಅಲ್ಲಿ ನೋಡೋದು ಮೂರ್ನಾಲ್ಕು ವಿಷಯ. ಕೈಲಿರೋ ಪಿಸ್ತೂಲಿನ ಮ್ಯಾಗಜೀನ್ ಇದಕ್ಕೂ ಕೂರುತ್ತಾ? ಬಿಚ್ಚಿ ಜೋಡಿಸಿದ ಮೇಲೂ ಗುರಿ ತಪ್ಪದೆ ಉಳಿಯುತ್ತಾ? ತೂಕ ಎಷ್ಟು, ಬೆಲೆ ಎಷ್ಟು? ಅಲ್ಲೂ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಬಿಗಿ ಜಾಸ್ತಿ.

ಇಲ್ಲಿ ಕಾನೂನೇ ಆರಿಸಿಬಿಟ್ಟಿದೆ

ನಮ್ಮಲ್ಲಿ ಇಷ್ಟೆಲ್ಲ ಯೋಚನೆಗೆ ಜಾಗವೇ ಇಲ್ಲ. ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ, ಸೇನೆ ಬಳಸುವ 9 ಎಂಎಂ ಗುಂಡು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್, ಕಾರ್ಬೈನ್‌ಗಳನ್ನು ಹೆಸರಿಟ್ಟೇ ಮೊದಲ ವರ್ಗಕ್ಕೆ ಸೇರಿಸಿದ್ದಾರೆ. ಇದು ನಿಷೇಧಿತ ವರ್ಗ. ಪೊಲೀಸರ ಹೆಗಲಲ್ಲಿ ನಾವು ನೋಡಿರೋ ಗಿಡ್ಡ ಕಾರ್ಬೈನ್ ಕೂಡ 9 ಎಂಎಂನದ್ದೇ. ಅದು ಸರ್ಕಾರಿ ಆಯುಧ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟರೆ ಸಿಗೋದಲ್ಲ, ಅದಕ್ಕೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು.

ಅಕ್ರಮವಾಗಿ ಇಟ್ಕೊಂಡು ಸಿಕ್ಕಿಬಿದ್ದರೆ? 2019ರ ತಿದ್ದುಪಡಿ ಆದ ಮೇಲೆ ನಿಷೇಧಿತ ಆಯುಧಕ್ಕೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ‘ಬಿಚ್ಚಿಟ್ಟಿದ್ದೆ ಸಾರ್, ಬರೀ ಬಿಡಿಭಾಗ’ ಅಂದರೂ ನಡೆಯಲ್ಲ. ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಇದ್ದ ಕೋವಿಯ ನಳಿಗೆಯನ್ನು ಗಿಡ್ಡ ಮಾಡಿಸೋದೂ ಅಪರಾಧ.

ಹಾಗಾದರೆ ಸಿಗೋದು ಏನು? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ನೋಡಿ. ನಿಜವಾದ ಬೆಳೆ ರಕ್ಷಣೆಗೆ ಅಂತ ಮೊದಲು ಹೇಳಿರೋದು ಬಾಯಿಂದ ಮದ್ದು ತುಂಬುವ ಕೋವಿ, ನಮ್ಮ ಕಡೆಯ ಕೇಪಿನ ಕೋವಿ. ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ, 20 ಇಂಚಿಗೆ ಕಮ್ಮಿ ಇಲ್ಲದ ನಳಿಗೆಯ ತೋಟೆ ಕೋವಿಗೆ ಪರವಾನಗಿ ಕೊಡಬಹುದು. ಆತ್ಮರಕ್ಷಣೆ ಕಾರಣ ಕೊಡೋ ವರ್ತಕರಿಗೂ ಇದೇ 20 ಇಂಚಿನ ಲೆಕ್ಕದ ಕೋವಿಯನ್ನೇ ಈ ಕಲಂ ಹೇಳುತ್ತೆ. ಒಬ್ಬರ ಹೆಸರಲ್ಲಿ ಮೊದಲು ಮೂರು ಇಟ್ಕೋಬಹುದಿತ್ತು. 2019ರಿಂದ ಎರಡೇ. ಪರವಾನಗಿ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿದೆ.

ಒಂದು ತಮಾಷೆ ನೋಡಿ. ಬಿಚ್ಚುವ ಕೋವಿ ನಮ್ಮ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಇದೆ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಯ ಮುಂದಿನ ಮರ ತೆಗೆದು ನಳಿಗೆ ಕಳಚಿದರೆ ಮೂರು ತುಂಡಾಗುತ್ತೆ. ತೋಟದ ಮಟ್ಟಿಗೆ ಅದೇ ವಾಸಿ ಕೂಡ. 9 ಎಂಎಂ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಸಣ್ಣ ಚರೆ ಇನ್ನೂರು, ಮುನ್ನೂರು ಮೀಟರ್‌ನಲ್ಲಿ ಬಿದ್ದುಹೋಗುತ್ತೆ. ತೋಟದ ಬೇಲಿ ಆಚೆ ಪಕ್ಕದವರ ಮನೆ, ಕೂಲಿ ಲೈನ್ ಇರೋ ಊರಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ.

ಕೋವಿ ಇದ್ದರೂ ಹೊಡೆಯೋ ಹಾಗಿಲ್ಲ

ಬೆಳೆ ರಕ್ಷಣೆ ಪರವಾನಗಿ ಅಂದರೆ ಪ್ರಾಣಿ ಹೊಡೆಯೋ ಪರವಾನಗಿ ಅಂತ ಇವತ್ತಿಗೂ ನಂಬಿರುವವರು ಇದ್ದಾರೆ. ಅಲ್ಲ. ಆನೆ, ಕಾಟಿ, ನವಿಲು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡೋ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲೋಕೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಮನುಷ್ಯರ ಜೀವ ಉಳಿಸೋಕೆ ಹೊಡೆದರೆ ಕಾನೂನಿನ ರಕ್ಷಣೆ ಇದೆ. ಅಡಿಕೆ ಸಸಿ ಉಳಿಸೋಕೆ ಹೊಡೆದರೆ ಆ ರಕ್ಷಣೆ ಇಲ್ಲ.

ಅಂದಮೇಲೆ ವರ್ಷದ ಬಹುಪಾಲು ನಮ್ಮ ಕೋವಿಗಿರೋ ಕೆಲಸ ಒಂದೇ, ಸದ್ದು ಮಾಡೋದು. ಆಕಾಶಕ್ಕೆ ಒಂದು ಈಡು ಹೊಡೆದು ಹಂದಿ ಹಿಂಡನ್ನ ಗದ್ದೆಯಿಂದ ಎಬ್ಬಿಸೋದು. ಸದ್ದಿಗೆ ಅಮೆರಿಕದ ಕಾರ್ಬೈನ್ ಯಾಕೆ ಬೇಕು?

ಬೇಕಾದಾಗಲೇ ಠಾಣೆಯಲ್ಲಿ

ಆ ಸದ್ದೂ ಬೇಕಾದಾಗ ಇರಲ್ಲ ಅನ್ನೋದೇ ಅಸಲಿ ಸಮಸ್ಯೆ. ಚುನಾವಣೆ ಘೋಷಣೆ ಆದ ಕೂಡಲೇ ಕೋವಿ ಠೇವಣಿ ಇಡಿ ಅಂತ ಆದೇಶ ಬರುತ್ತೆ. 2024ರ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರದವರೆಗೆ ಇತ್ತು. ಹತ್ತಿರ ಹತ್ತಿರ ಎರಡೂವರೆ ತಿಂಗಳು. ಮಲೆನಾಡಲ್ಲಿ ಅದು ಹಲಸು ಹಣ್ಣಾಗಿ ಆನೆ ತೋಟಕ್ಕೆ ನುಗ್ಗೋ ಕಾಲ.

ಆದರೆ ಎಲ್ಲರ ಕೋವಿಯನ್ನೂ ಒಟ್ಟಿಗೆ ಕಿತ್ಕೊಳ್ಳಿ ಅಂತ ಚುನಾವಣಾ ಆಯೋಗದ ಸೂಚನೆ ಹೇಳಲ್ಲ. ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು, ಇಂಥವರ ಪರವಾನಗಿಯನ್ನು ಮುಖ್ಯವಾಗಿ ಪರಿಶೀಲಿಸಬೇಕು. ಒಬ್ಬೊಬ್ಬರ ಕಡತ ತೆಗೆದು ನೋಡೋದಕ್ಕಿಂತ ಎಲ್ಲರಿಗೂ ಒಂದೇ ಆದೇಶ ಹೊರಡಿಸೋದು ಕಚೇರಿಗೆ ಸುಲಭ. ಅದರ ಬೆಲೆ ಕಟ್ಟೋದು ಮಾತ್ರ ಒಂದೂ ಕೇಸಿಲ್ಲದ ರೈತ.

ಏನು ಮಾಡಬೇಕು?

ಪರವಾನಗಿ ಇರೋರು ಇಷ್ಟು ಮಾಡಬಹುದು. ಚುನಾವಣೆ ಘೋಷಣೆ ಆಗೋವರೆಗೆ ಕಾಯಬೇಡಿ. ಪಹಣಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಗಳ ಪ್ರತಿ, ಪರವಾನಗಿ ನಕಲು ಒಟ್ಟು ಮಾಡಿ ಇಟ್ಕೊಳ್ಳಿ. ಠೇವಣಿ ಆದೇಶ ಬಂದ ದಿನವೇ ವಿನಾಯಿತಿ ಕೋರಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ತಗೊಳ್ಳಿ. ವಿನಾಯಿತಿ ಸಿಗದಿದ್ದರೆ ಠಾಣೆಗೆ ಕೊಟ್ಟ ಕೋವಿಗೆ ರಸೀದಿ ಇಲ್ಲದೆ ಬರಬೇಡಿ. ಹೊಸದಾಗಿ ಅರ್ಜಿ ಹಾಕೋರು ‘ಬೆಳೆ ರಕ್ಷಣೆ’ ಅಂತ ಬರೆದು ಸುಮ್ಮನಾಗಬೇಡಿ, ಕೇಪಿನ ಕೋವಿ ಯಾಕೆ ಸಾಲಲ್ಲ ಅನ್ನೋದನ್ನೂ ಬರೆಯಿರಿ. ಅರ್ಜಿ ತಿರಸ್ಕಾರ ಆದರೆ ಮೇಲ್ಮನವಿಗೆ ಅವಕಾಶ ಇದೆ.

ರೈತ ಸಂಘಗಳಿಗೂ ಒಂದು ಮಾತು. ಹೊಸ ಥರದ ಬಂದೂಕು ಕೊಡಿ ಅಂತ ಕೇಳಿದರೆ ಸರ್ಕಾರ ಒಂದೇ ಸಾಲಲ್ಲಿ ಇಲ್ಲ ಅನ್ನುತ್ತೆ, ಕಾನೂನೂ ಅದರ ಪರ ಇದೆ. ಪರಿಶೀಲನಾ ಸಮಿತಿ ನಮ್ಮ ತಾಲ್ಲೂಕಿನ ಎಷ್ಟು ಕಡತ ನೋಡಿತು, ಎಷ್ಟು ಜನಕ್ಕೆ ವಿನಾಯಿತಿ ಕೊಡ್ತು ಅಂತ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ. ಮುಂದಿನ ಚುನಾವಣೆಯ ಆದೇಶ ಬರೋ ಮೊದಲೇ ಮಾಹಿತಿ ಹಕ್ಕಿನಡಿ ಈ ಒಂದು ಅರ್ಜಿ ಹಾಕಿ.